ತೇರು ನಿಂತಿತು, ಉತ್ತತ್ತಿ ಗೆರೆಯಾಯಿತು

ಪ್ರಶ್ನೆ: ನಾನು ಕೊಪ್ಪಳದವನು. ಕ್ಯಾಮೆರಾ ಹಿಡಿದು ಆರು ತಿಂಗಳಾಯಿತು. ಸೆಕೆಂಡ್ ಹ್ಯಾಂಡ್ ಕ್ಯಾನನ್, ಜೊತೆಗೆ 18-55 ಮತ್ತು 55-250 ಲೆನ್ಸ್ ಇವೆ. ಗವಿಮಠದ ಜಾತ್ರೆಯಲ್ಲಿ ಸಂಜೆ ತೇರು ಎಳೆಯುವಾಗ ತೆಗೆದ ಚಿತ್ರ ಕಳಿಸಿದ್ದೇನೆ. ತೇರು ಚೆನ್ನಾಗಿ ಬಂದಿದೆ. ಆದರೆ ಜನ ಅಲ್ಲಾಡಿದ್ದಾರೆ, ಎಸೆದ ಉತ್ತತ್ತಿಗಳು ಬರೀ ಗೆರೆಗಳಾಗಿವೆ. ಲೆನ್ಸಿನ ಸ್ಟೆಬಿಲೈಸರ್ ಆನ್ ಇತ್ತು. ಹಾಗಾದರೆ ಶಟರ್ ಸ್ಪೀಡ್ ಎಷ್ಟಿಡಬೇಕು? ಬೇರೆ ಲೆನ್ಸ್ ತೆಗೆದುಕೊಳ್ಳಬೇಕೇ?

ಉತ್ತರ: ನಿಮ್ಮ ಚಿತ್ರವನ್ನು ಪರದೆ ತುಂಬ ಹಿಗ್ಗಿಸಿ ನೋಡಿದೆ. ತೇರಿನ ಕಳಸದ ಅಂಚು, ಹಾರದ ಹೂಗಳು ಎಲ್ಲ ಎಣಿಸುವಷ್ಟು ಸ್ಪಷ್ಟ. ಕೆಳಗೆ ಎಡಕ್ಕೆ ಕೈಮುಗಿದು ನಿಂತ ಅಜ್ಜಿಯೊಬ್ಬರಿದ್ದಾರೆ, ಅವರ ಬಳೆಯೂ ಕಾಣುತ್ತದೆ. ಅವರ ಪಕ್ಕದಲ್ಲೇ ಉತ್ತತ್ತಿ ಎಸೆಯುತ್ತಿರುವ ಹುಡುಗನಿಗೆ ಮಾತ್ರ ಮೊಣಕೈಯಿಂದ ಮುಂದೆ ಕೈಯೇ ಇಲ್ಲ, ಹೊಗೆಯ ಹಾಗೆ ಕರಗಿದೆ. ಇಬ್ಬರೂ ನಿಮ್ಮಿಂದ ಒಂದೇ ದೂರದಲ್ಲಿದ್ದಾರೆ, ಒಂದೇ ಬೆಳಕಿನಲ್ಲಿದ್ದಾರೆ. ಅಜ್ಜಿ ಸುಮ್ಮನೆ ನಿಂತಿದ್ದರು, ಹುಡುಗ ನಿಂತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾಗಿ ಫೋಕಸ್ ತಪ್ಪಿಲ್ಲ, ನಿಮ್ಮ ಕೈಯೂ ನಡುಗಿಲ್ಲ.

ಫೈಲಿನ ವಿವರ ಹೀಗಿದೆ: 200 ಎಂಎಂ (ಎಷ್ಟು ಜೂಮ್), ಎಫ್ 5.6 (ಲೆನ್ಸಿನ ಬಾಯಿ ಎಷ್ಟು ಅಗಲ, ಅಂಕಿ ಚಿಕ್ಕದಾದಷ್ಟು ಬಾಯಿ ಅಗಲ), ಐಎಸ್‌ಒ 400 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು), ಶಟರ್ 1/40. ಗುಟ್ಟೆಲ್ಲ ಈ ಕೊನೆಯ ಅಂಕಿಯಲ್ಲಿದೆ.

ಒಂದು ಸೆಕೆಂಡನ್ನು ನಲವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು ಹೊತ್ತು, ಚಿತ್ರ ಮೂಡುವ ಸೆನ್ಸರಿನ ಮೇಲೆ ಬೆಳಕು ಬಿದ್ದಿದೆ. 'ಸ್ಪೀಡ್' ಎಂಬ ಮಾತೇ ಹೊಸಬರ ದಾರಿ ತಪ್ಪಿಸುತ್ತದೆ. ಅದು ವೇಗದ ಅಳತೆಯಲ್ಲ, ಹೊತ್ತಿನ ಅಳತೆ. ನಿಮ್ಮ ಕ್ಯಾಮೆರಾದ ಒಳಗೆ ಸೆನ್ಸರಿನ ಮುಂದೆ ಎರಡು ಪರದೆಗಳಿವೆ. ಗುಂಡಿ ಒತ್ತಿದಾಗ ಮೊದಲನೆಯದು ಸರಿದು ಬೆಳಕು ಬಿಡುತ್ತದೆ, ಎರಡನೆಯದು ಅದರ ಹಿಂದೆ ಬಂದು ಮುಚ್ಚುತ್ತದೆ. 1/40 ಇಟ್ಟರೂ 1/4000 ಇಟ್ಟರೂ ಪರದೆ ಓಡುವ ವೇಗ ಒಂದೇ. ಎರಡನೆಯದು ಎಷ್ಟು ತಡವಾಗಿ ಹೊರಡುತ್ತದೆ ಎಂಬುದು ಮಾತ್ರ ಬದಲಾಗುತ್ತದೆ. 1/4000 ಇಟ್ಟಾಗ ಮೊದಲನೆಯದು ಪೂರ್ತಿ ಸರಿಯುವ ಮೊದಲೇ ಎರಡನೆಯದು ಬೆನ್ನು ಹತ್ತಿರುತ್ತದೆ. ನಡುವೆ ಸಣ್ಣ ಸಂದು ಮಾತ್ರ, ಆ ಸಂದು ಸೆನ್ಸರಿನ ಮೇಲೆ ಹರಿದುಹೋಗುತ್ತದೆ. ಈ ಸಂದಿನಿಂದ ನಾನೊಮ್ಮೆ ಒಂದು ಮದುವೆಯನ್ನೇ ಕೆಡಿಸಿದ್ದೇನೆ, ಮುಂದೆ ಹೇಳುತ್ತೇನೆ.

ಈಗ ಉತ್ತತ್ತಿಯ ಲೆಕ್ಕ. ಜೋರಾಗಿ ಎಸೆದ ಉತ್ತತ್ತಿ ಸೆಕೆಂಡಿಗೆ ಹತ್ತು ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. 1/40 ಸೆಕೆಂಡಿನಲ್ಲಿ ಅದು 25 ಸೆಂಟಿಮೀಟರ್ ದಾಟಿರುತ್ತದೆ, ಅಂದರೆ ಸುಮಾರು ಒಂದು ಗೇಣು. ಉತ್ತತ್ತಿಯ ಉದ್ದ ಮೂರೋ ನಾಲ್ಕೋ ಸೆಂಟಿಮೀಟರ್. ತನ್ನ ಉದ್ದದ ಆರೇಳು ಪಟ್ಟು ದೂರವನ್ನು ಶಟರ್ ತೆರೆದಿದ್ದಾಗಲೇ ದಾಟಿದ ವಸ್ತು ಗೆರೆಯಾಗದೆ ಇನ್ನೇನಾದೀತು? 1/640 ಇಟ್ಟಿದ್ದರೆ ಅದೇ ಉತ್ತತ್ತಿ ಒಂದೂವರೆ ಸೆಂಟಿಮೀಟರ್ ಮಾತ್ರ ಸರಿಯುತ್ತಿತ್ತು, ತುಸು ಉದ್ದವಾಗಿ ಕಂಡರೂ ಉತ್ತತ್ತಿ ಎಂದು ಗುರುತು ಸಿಗುತ್ತಿತ್ತು. 1/1000 ಇಟ್ಟಿದ್ದರೆ ಒಂದೇ ಸೆಂಟಿಮೀಟರ್.

ತೇರೂ ಚಲಿಸುತ್ತಿತ್ತಲ್ಲ, ಅದೇಕೆ ಅಲ್ಲಾಡಲಿಲ್ಲ ಎಂದು ಕೇಳುತ್ತೀರಿ. ಒಂದು, ಅದು ನಮ್ಮ ನಡಿಗೆಗಿಂತ ನಿಧಾನ. ಎರಡು, ನೀವು ನಿಂತ ಜಾಗ ಒಳ್ಳೆಯದಿತ್ತು, ತೇರು ನೇರ ನಿಮ್ಮ ಕಡೆಗೇ ಬರುತ್ತಿತ್ತು. ಎದುರಿಗೆ ಬರುವ ವಸ್ತು ಚಿತ್ರದಲ್ಲಿ ತುಸುವೇ ದೊಡ್ಡದಾಗುತ್ತದೆ, ಎಡದಿಂದ ಬಲಕ್ಕೆ ಜಾರುವುದಿಲ್ಲ. ಅದೇ ತೇರನ್ನು ಪಕ್ಕಕ್ಕೆ ನಿಂತು, ಅದೇ 200 ಎಂಎಂನಲ್ಲಿ, ಅದೇ 1/40ಕ್ಕೆ ತೆಗೆದಿದ್ದರೆ ಕಳಸವೂ ಮಬ್ಬಾಗುತ್ತಿತ್ತು. ಶಟರ್ ಎಷ್ಟಿಡಬೇಕು ಎಂಬುದಕ್ಕೆ ಒಂದೇ ಅಂಕಿ ಹೇಳಲು ಬಾರದ್ದು ಇದಕ್ಕೇ. ಎಷ್ಟು ವೇಗ, ಯಾವ ದಿಕ್ಕು, ಎಷ್ಟು ದೂರ, ಎಷ್ಟು ಜೂಮ್, ಇವು ನಾಲ್ಕೂ ಸೇರಿ ಒಂದು ಪ್ರಶ್ನೆಯಾಗುತ್ತವೆ: ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಆ ವಸ್ತು ನನ್ನ ಚಿತ್ರದೊಳಗೆ ಎಷ್ಟು ಜರುಗುತ್ತದೆ? ಗುಂಡಿ ಒತ್ತುವ ಮುನ್ನ ಇದನ್ನು ಕೇಳಿಕೊಳ್ಳುವ ರೂಢಿ ಬಂದರೆ ಅಂಕಿ ತಾನಾಗಿ ಬಾಯಿಗೆ ಬರುತ್ತದೆ.

ಶಟರ್ ಎಂದರೆ ಬೆಳಕಿನ ನಲ್ಲಿ, ಹೆಚ್ಚು ಹೊತ್ತು ಬಿಟ್ಟರೆ ಬಕೆಟ್ ತುಂಬುತ್ತದೆ ಎಂದು ಎಲ್ಲ ಕಡೆ ಹೇಳಿಕೊಡುತ್ತಾರೆ. ನಮ್ಮ ಕಡೆಯವರಿಗಾದರೆ ಕಾಲುವೆಯ ತೂಬು ಎನ್ನಬಹುದು: ತೂಬಿನ ಬಾಯಿ ಎಷ್ಟು ಅಗಲ, ಎಷ್ಟು ತಾಸು ಬಿಟ್ಟರು ಎಂಬುದರ ಮೇಲೆ ಗದ್ದೆಗೆ ನೀರು. ಬಾಯಿಯ ಅಗಲ ಅಪರ್ಚರ್, ತಾಸು ಶಟರ್. ಸುಳ್ಳೇನಲ್ಲ. ಆದರೆ ಈ ಹೋಲಿಕೆ ಕೇಳಿದವರು ಶಟರನ್ನು ಚಿತ್ರ ಕಪ್ಪೋ ಬಿಳುಪೋ ನೋಡಿ ತಿರುಗಿಸುವ ತಿರುಪು ಎಂದುಕೊಂಡುಬಿಡುತ್ತಾರೆ. ನೀವೂ ಹಾಗೇ ಮಾಡಿದ್ದೀರಿ. ಬೆಳಕು ಸರಿಯಾಗಿದೆ ಎಂದು ಕ್ಯಾಮೆರಾ ಹೇಳಿತು, 1/40 ಅದೇ ಆರಿಸಿಕೊಟ್ಟಿತು, ನೀವು ಒಪ್ಪಿದಿರಿ. ಹುಡುಗನ ಕೈ ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದು ಕ್ಯಾಮೆರಾಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಿಮಗೆ.

ಇನ್ನು ಸ್ಟೆಬಿಲೈಸರ್. ಅದು ತನ್ನ ಕೆಲಸ ಚೆನ್ನಾಗಿಯೇ ಮಾಡಿದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ಲೆನ್ಸಿನ ಎಂಎಂಗಿಂತ ಕೆಳಗಿಳಿಯಬಾರದು ಎಂಬುದು ಹಳೆಯ ಕಟ್ಟಳೆ: 50 ಎಂಎಂಗೆ 1/50, 200 ಎಂಎಂಗೆ 1/200. ನಿಮ್ಮ ಕ್ಯಾನನ್ನಿನ ಸೆನ್ಸರ್ ಚಿಕ್ಕದು, ಹಾಗಾಗಿ 1.6ರಿಂದ ಗುಣಿಸಬೇಕು. 200ಕ್ಕೆ 320 ಆಯಿತು. ನೀವು ತೆಗೆದದ್ದು 1/40. 320, 160, 80, 40: ಮೂರು ಮೆಟ್ಟಿಲು ಕೆಳಗಿಳಿದಿದ್ದೀರಿ, ಆದರೂ ಅಜ್ಜಿಯ ಬಳೆ ಎಣಿಸಬಹುದು. ಅಷ್ಟು ಕೈನಡುಕವನ್ನು ಸ್ಟೆಬಿಲೈಸರ್ ನುಂಗಿಕೊಂಡಿದೆ. ಆದರೆ ಅದು ಹಿಡಿದು ನಿಲ್ಲಿಸುವುದು ಕ್ಯಾಮೆರಾವನ್ನು. ಗವಿಮಠದ ಅಂಗಳದಲ್ಲಿ ಕೈ ಬೀಸುವವರನ್ನು ಹಿಡಿದು ನಿಲ್ಲಿಸಲು ಅದಕ್ಕೆ ಬಾರದು.

ಕೆಟ್ಟ ಚಿತ್ರವನ್ನು ಅಳಿಸುವ ಮುನ್ನ ಯಾವುದರಿಂದ ಕೆಟ್ಟಿತು ಎಂದು ನೋಡುವುದನ್ನು ಕಲಿಯಿರಿ. ಕೈ ಅಲ್ಲಾಡಿದ್ದರೆ ನಿಂತ ಗೋಡೆಯೂ ಅಲ್ಲಾಡಿರುತ್ತದೆ, ದೂರದ ದೀಪಗಳೆಲ್ಲ ಒಂದೇ ಆಕಾರದ ಹುಳುಗಳ ಹಾಗೆ ಕಾಣುತ್ತವೆ. ಫೋಕಸ್ ತಪ್ಪಿದ್ದರೆ ನೀವು ಬಯಸಿದ್ದಕ್ಕಿಂತ ಮುಂದೋ ಹಿಂದೋ ಇನ್ನೇನೋ ಸ್ಪಷ್ಟವಾಗಿರುತ್ತದೆ, ದೀಪಗಳು ದುಂಡಗೆ ಹರಡಿರುತ್ತವೆ. ವಸ್ತುವೇ ಚಲಿಸಿದ್ದರೆ ಅದೊಂದು ಮಾತ್ರ ಸವರಿದಂತಿದ್ದು ಸುತ್ತಲಿನದೆಲ್ಲ ನೆಟ್ಟಗಿರುತ್ತದೆ. ಮೂರಕ್ಕೂ 'ಬ್ಲರ್ ಆಗೇತಿ' ಎಂದು ಒಂದೇ ಹೆಸರಿಟ್ಟರೆ ಮದ್ದು ಸಿಗದು.

ಹಾಗಾದರೆ ಅಂದು ಎಷ್ಟಿಡಬೇಕಿತ್ತು? ನನ್ನ ಕೈಯಲ್ಲಿ ಕ್ಯಾಮೆರಾ ಇದ್ದಿದ್ದರೆ 1/640 ಇಡುತ್ತಿದ್ದೆ. 1/40ರಿಂದ ಅಲ್ಲಿಗೆ ನಾಲ್ಕು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ, ಹಾಗಾಗಿ ಐಎಸ್‌ಒ 400ನ್ನು 800, 1600, 3200, 6400 ಎಂದು ಏರಿಸಬೇಕು. ನಿಮ್ಮ ಲೆನ್ಸ್ 200 ಎಂಎಂನಲ್ಲಿ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ, ಆ ದಾರಿ ಮುಚ್ಚಿದೆ. ಸ್ವಲ್ಪ ಮುಂದೆ ನುಗ್ಗಿ 55 ಎಂಎಂಗೆ ಇಳಿದರೆ ಎಫ್ 4 ಸಿಗುತ್ತದೆ, ಆಗ ಐಎಸ್‌ಒ 3200 ಸಾಕು. ಜಾತ್ರೆಯಲ್ಲಿ ಮುಂದೆ ನುಗ್ಗುವುದು ಎಷ್ಟು ಸುಲಭ ಎಂದು ನಿಮಗೇ ಗೊತ್ತು.

ಐಎಸ್‌ಒ 400 ದಾಟಿಸಬೇಡ, ಕಾಳು ಕಾಳಾಗುತ್ತದೆ ಎಂದು ಯಾರೋ ನಿಮಗೆ ಹೇಳಿರಬೇಕು. ಎಷ್ಟೋ ಒಳ್ಳೆಯ ಚಿತ್ರಗಳನ್ನು ಕೊಂದದ್ದು ಈ ಬುದ್ಧಿವಾದವೇ. ಕಾಳನ್ನು ಆಮೇಲೆ ತಕ್ಕಮಟ್ಟಿಗೆ ತಿದ್ದಬಹುದು, ಸಣ್ಣ ಅಳತೆಯಲ್ಲಿ ಪ್ರಿಂಟ್ ಹಾಕಿಸಿದರೆ ಅದು ಕಾಣುವುದೂ ಇಲ್ಲ. ಕರಗಿಹೋದ ಕೈಯನ್ನು ಯಾರೂ ಮತ್ತೆ ಅಂಟಿಸಿಕೊಡುವುದಿಲ್ಲ.

ಕ್ಯಾಮೆರಾದಲ್ಲಿ ಮಾಡಬೇಕಾದದ್ದು ಇಷ್ಟೇ. ಮೇಲಿನ ಗಾಲಿಯನ್ನು 'ಟಿವಿ' ಎಂದಿರುವಲ್ಲಿಗೆ ತಿರುಗಿಸಿ. ಅದು ಟೈಮ್ ವ್ಯಾಲ್ಯೂ, ಮನೆಯ ಟಿವಿಗೂ ಇದಕ್ಕೂ ಸಂಬಂಧವಿಲ್ಲ. ನಿಕಾನ್, ಸೋನಿಗಳಲ್ಲಿ ಅಲ್ಲಿ 'ಎಸ್' ಇರುತ್ತದೆ. ಶಟರ್ ನೀವು ಹೇಳಿ, ಐಎಸ್‌ಒ ಆಟೋದಲ್ಲಿಡಿ, ಅದರ ಮೇಲಿನ ಮಿತಿಯನ್ನು ಮೆನುವಿನಲ್ಲಿ 6400 ಮಾಡಿ. ಒಂದು ಎಚ್ಚರ: ಕಣ್ಣಿಟ್ಟು ನೋಡುವ ಕಿಂಡಿಯೊಳಗೆ 1/40 ಬದಲು ಬರೀ 40 ಎಂದು ಕಾಣುತ್ತದೆ, ಮೇಲಿನ 1 ಕಾಣುವುದಿಲ್ಲ. ಅಂಕಿಯ ಪಕ್ಕದಲ್ಲಿ ಎರಡು ಸಣ್ಣ ಗೆರೆ ಬಿದ್ದರೆ ಅದು ಪೂರ್ತಿ ಸೆಕೆಂಡು. 4 ಎಂದರೆ ಕಾಲು ಸೆಕೆಂಡ್, 4" ಎಂದರೆ ನಾಲ್ಕು ಸೆಕೆಂಡ್. ಕತ್ತಲಲ್ಲಿ ಈ ಎರಡು ಗೆರೆ ಕಾಣದೆ 'ಕ್ಯಾಮೆರಾ ಹ್ಯಾಂಗ್ ಆಯ್ತು ಸರ್' ಎಂದು ಓಡಿ ಬಂದವರನ್ನು ನೋಡಿದ್ದೇನೆ.

ಉತ್ತತ್ತಿಗೆ ಇನ್ನೊಂದು ಉಪಾಯ. ಕೈಯಿಂದ ಬಿಟ್ಟ ಗಳಿಗೆಯಲ್ಲಿ ಅದರ ವೇಗ ಹೆಚ್ಚು. ಮೇಲೇರಿ ಕೆಳಗೆ ತಿರುಗುವ ಹೊತ್ತಿಗೆ ನಿಧಾನವಾಗಿರುತ್ತದೆ. ಹುಡುಗನ ಕೈ ನೋಡಬೇಡಿ, ತೇರಿನ ನಡುಮಟ್ಟಕ್ಕೆ ಕಣ್ಣಿಟ್ಟು ಅವು ಅಲ್ಲಿಗೆ ಬಂದಾಗ ಒತ್ತಿ. 1/320ಕ್ಕೂ ಒಂದಷ್ಟು ಸಿಕ್ಕಾವು.

ಈಗ ಆ ಮದುವೆಯ ಕಥೆ. ರೀಲಿನ ಕಾಲ, ಗಂಗಾವತಿಯಲ್ಲಿ ಮದುವೆ, ನನ್ನ ಕೈಯಲ್ಲಿ ಪೆಂಟಾಕ್ಸ್ ಕೆ1000. ಆ ಕ್ಯಾಮೆರಾದಲ್ಲಿ ಫ್ಲ್ಯಾಶ್ ಹಾಕಿದರೆ ಶಟರ್ 1/60 ದಾಟಬಾರದು. ಅದಕ್ಕಿಂತ ಮೇಲೆ ಹೋದರೆ ಫ್ಲ್ಯಾಶ್ ಮಿಂಚುವಾಗ ಪರದೆಗಳ ನಡುವೆ ಬರೀ ಸಂದು ತೆರೆದಿರುತ್ತದೆ, ಉಳಿದ ರೀಲಿಗೆ ಬೆಳಕು ತಾಗುವುದೇ ಇಲ್ಲ. ಬೆಳಿಗ್ಗೆ ಹೊರಗೆ ಬಿಸಿಲಲ್ಲಿ ದೇವರ ಕಾರ್ಯ ತೆಗೆದಿದ್ದೆ, ಗಾಲಿ 250ರಲ್ಲಿ ಉಳಿದಿತ್ತು. ಅಕ್ಷತೆಯ ಹೊತ್ತು ನೂಕುನುಗ್ಗಲಿನಲ್ಲಿ ನೋಡಲಿಲ್ಲ. ರೀಲು ತೊಳೆಸಿದಾಗ ಹದಿನೈದು ಚಿತ್ರಗಳಲ್ಲಿ ಒಂದು ಪಕ್ಕದ ಕಾಲು ಭಾಗ ಮಾತ್ರ ಬಂದಿತ್ತು, ಮಿಕ್ಕದ್ದು ಕಪ್ಪು. ಮದುಮಗಳಿದ್ದಾಳೆ, ಮದುಮಗನಿಲ್ಲ. ಅವರ ಸೋದರಮಾವ ಆಲ್ಬಮ್ ಮುಚ್ಚಿಟ್ಟು, 'ಮದಿವಿ ಹುಡುಗಿ ಒಬ್ಬಾಕಿಂದ ಆಗೇತೇನ್ರೀ?' ಎಂದರು. ಹಣ ಕೇಳುವ ಮುಖ ನನಗಿರಲಿಲ್ಲ. ಈಗಿನ ಕ್ಯಾಮೆರಾಗಳಲ್ಲಿ ಈ ಮಿತಿ 1/200ರ ಆಸುಪಾಸಿಗೆ ಏರಿದೆ, ಕ್ಯಾಮೆರಾದ್ದೇ ಫ್ಲ್ಯಾಶ್ ಆದರೆ ಅದೇ ತಡೆಯುತ್ತದೆ. ಬೇರೆ ಫ್ಲ್ಯಾಶನ್ನು ದೂರದಿಂದ ಮಿಂಚಿಸುವ ಅಗ್ಗದ ರೇಡಿಯೋ ಟ್ರಿಗರ್ ಹಾಕಿದಾಗ ತಡೆಯದೆ ಇರಬಹುದು, ನೆನಪಿರಲಿ.

ಮದುವೆ ಹಾಲ್ ಎಂದಾಗ ಇನ್ನೊಂದು. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಂಕಾಗಿ ಮತ್ತೆ ಬೆಳಗುತ್ತವೆ, ಕಣ್ಣಿಗೆ ತಿಳಿಯುವುದಿಲ್ಲ. ಅಲ್ಲಿ 1/500 ಇಟ್ಟರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಮಂಕು. ಮೊಬೈಲಿನಲ್ಲೋ ಸದ್ದಿಲ್ಲದ ಮೋಡ್‌ನಲ್ಲೋ ತೆಗೆದರೆ ಅಡ್ಡಡ್ಡ ಪಟ್ಟಿಗಳೇ ಬೀಳುತ್ತವೆ. ಅಂಥ ಕಡೆ 1/100 ಅಥವಾ 1/50 ಇಟ್ಟರೆ ತೊಂದರೆ ಇಲ್ಲ.

ಇಷ್ಟೆಲ್ಲ ಓದಿ ಶಟರ್ ಯಾವಾಗಲೂ ಮೇಲೇ ಇರಬೇಕು ಎಂದುಕೊಳ್ಳಬೇಡಿ. ನಿಮ್ಮ ಚಿತ್ರದ ಉತ್ತತ್ತಿ ಗೆರೆಗಳು ನನಗೆ ಇಷ್ಟವಾದವು. ತೇರಿನ ಸುತ್ತ ಮಳೆ ಸುರಿದಂತಿದೆ. ಹುಡುಗನನ್ನು ಕ್ರಾಪ್ ಮಾಡಿ ಅಜ್ಜಿಯನ್ನು ಉಳಿಸಿಕೊಂಡರೆ ಅದು ಬೇರೆಯೇ ಚಿತ್ರ. ಗೆರೆ ಬೇಕೆಂದು ನೀವೇ ಆರಿಸಿದ್ದರೆ ನಾನು ಬೆನ್ನು ತಟ್ಟುತ್ತಿದ್ದೆ.

ಬೇಕೆಂದೇ ನಿಧಾನ ಮಾಡುವುದನ್ನು ಕಲಿಯಲು ಸಾಣಾಪುರಕ್ಕೆ ಹೋಗಿ. ಕೆರೆಯಲ್ಲಿ ಹರಿಗೋಲು ಹತ್ತಿ, ಜೊತೆಗೆ ಗೆಳೆಯನೊಬ್ಬನನ್ನು ಎದುರಿಗೆ ಕೂರಿಸಿಕೊಳ್ಳಿ. ಲೆನ್ಸ್ 18 ಎಂಎಂ, ಶಟರ್ 1/15, ಸ್ಟೆಬಿಲೈಸರ್ ಇರಲಿ. ಹುಟ್ಟು ಹಾಕುವವರಿಗೆ ಗರಗರ ತಿರುಗಿಸಲು ಹೇಳಿ. ಮೂರು ಸೆಕೆಂಡಿಗೆ ಒಂದು ಸುತ್ತು ಬಂದರೂ 1/15 ಸೆಕೆಂಡಿನಲ್ಲಿ ದಡ, ಬಂಡೆ, ಬೆಟ್ಟ ಎಲ್ಲ ಚಿತ್ರದ ಅಗಲದ ಎಂಟನೇ ಒಂದು ಪಾಲಿನಷ್ಟು ಬಳಿದುಹೋಗುತ್ತವೆ. ಎದುರಿಗೆ ಕೂತ ಗೆಳೆಯ ಮಾತ್ರ ನಿಮ್ಮ ಜೊತೆಗೇ ತಿರುಗುವುದರಿಂದ ನಿಮ್ಮ ಪಾಲಿಗೆ ನಿಂತೇ ಇರುತ್ತಾನೆ, ಅವನ ಹಲ್ಲು ಕಿರಿಯುವುದೂ ಸ್ಪಷ್ಟವಾಗಿ ಬರುತ್ತದೆ. ಚಲನೆ ಎಂಬುದು ಕ್ಯಾಮೆರಾಗೆ ಹೋಲಿಸಿದ ಚಲನೆ ಎಂಬ ಮಾತನ್ನು ನಾನು ಹತ್ತು ಪುಟ ಬರೆದರೂ ಈ ಒಂದು ಸುತ್ತು ಹೇಳಿಕೊಟ್ಟಷ್ಟು ಹೇಳಲಾರೆ. ಕ್ಯಾಮೆರಾ ಪಟ್ಟಿ ಕೊರಳಲ್ಲಿರಲಿ.

ತುಂಗಭದ್ರೆಯಲ್ಲಿ ಬಂಡೆಗಳ ನಡುವೆ ಹರಿಯುವ ನೀರು ಹಾಲಿನಂತೆ ಬರಬೇಕೆಂದರೆ ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡ್ ಬೇಕು, ಟ್ರೈಪಾಡ್ ಇಲ್ಲದೆ ಆಗದು. ನಮ್ಮ ಬಿಸಿಲಿಗೆ ಅದೂ ಸಾಲದು. ನಡು ಹಗಲಿನಲ್ಲಿ ಐಎಸ್‌ಒ 100, ಎಫ್ 22 ಇಟ್ಟರೂ 1/50ರ ಕೆಳಗೆ ಇಳಿಯಲು ಬಿಸಿಲು ಬಿಡುವುದಿಲ್ಲ. ಬೆಳಕನ್ನು 64ನೇ ಒಂದು ಪಾಲಿಗೆ ಇಳಿಸುವ ಎನ್‌ಡಿ ಫಿಲ್ಟರ್ ಹಾಕಿದರೆ ಒಂದು ಸೆಕೆಂಡಿಗೆ ಬರುತ್ತೀರಿ. ಫಿಲ್ಟರಿಗೆ ದುಡ್ಡು ಹಾಕುವ ಮೊದಲು ಸೂರ್ಯ ಮುಳುಗಿದ ಮೇಲೆ ಒಮ್ಮೆ ಹೋಗಿ ನೋಡಿ, ಅದು ಪುಕ್ಕಟೆ.

ಇನ್ನೂ ಹೊತ್ತು ಬಿಟ್ಟರೆ ಜನರೇ ಮಾಯವಾಗುತ್ತಾರೆ. 1838ರಲ್ಲಿ, ಫೋಟೋ ತೆಗೆಯುವ ವಿಧಾನ ಕಂಡುಹಿಡಿದ ಮೊದಲಿಗರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಹಗಲು ಹೊತ್ತಿನ ಗಿಜಿಗುಡುವ ಬೀದಿ, ಆದರೆ ಆಗ ನಿಮಿಷಗಟ್ಟಲೆ ಬೆಳಕು ಬಿಡಬೇಕಿದ್ದರಿಂದ ಓಡಾಡುವ ಗಾಡಿ, ಕುದುರೆ, ಜನ ಯಾರೂ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೆಡೆ ನಿಂತ ಒಬ್ಬ, ಪಾಲಿಶ್ ಮಾಡುವವನ ಜೊತೆ, ಉಳಿದ. ನಿಮ್ಮ ಚಿತ್ರದ ಅಜ್ಜಿಯನ್ನು ನೋಡಿದಾಗ ನನಗೆ ನೆನಪಾದದ್ದು ಅವನೇ.

ಮನೆಯಲ್ಲೇ ಅಭ್ಯಾಸ ಬೇಕೆಂದರೆ ಸೀಲಿಂಗ್ ಫ್ಯಾನ್ ಇದೆ. ಬೇಸಿಗೆಯಲ್ಲಿ ನಮ್ಮಲ್ಲಿ ಅದು ನಿಲ್ಲುವುದು ಕರೆಂಟು ಹೋದಾಗಲೇ. ಜೋರಾಗಿ ಬಿಟ್ಟ ಫ್ಯಾನು ನಿಮಿಷಕ್ಕೆ ಮುನ್ನೂರು ಚಿಲ್ಲರೆ ಸುತ್ತು ಹೊಡೆಯುತ್ತದೆ. ಹಗಲು ಮಂಚದ ಮೇಲೆ ಮಲಗಿ 1/1000ರಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಾ ತೆಗೆಯಿರಿ. ಮೇಲಿನವು ಕಪ್ಪಾಗಿ ಬಂದರೂ ಪರವಾಗಿಲ್ಲ, ರೆಕ್ಕೆಯ ಅಂಚು ನೋಡಿದರೆ ಸಾಕು. 1/1000ಕ್ಕೆ ರೆಕ್ಕೆ ಹೆಚ್ಚುಕಡಿಮೆ ನಿಂತಂತೆ ಕಾಣುತ್ತದೆ, ಬುಡದ ಕಡೆ ಧೂಳೂ ಕಂಡೀತು (ಮನೆಯವರಿಗೆ ತೋರಿಸಬೇಡಿ, ಒರೆಸುವ ಕೆಲಸ ನಿಮಗೇ ಬೀಳುತ್ತದೆ). 1/60ಕ್ಕೆ ರೆಕ್ಕೆ ಬೀಸಣಿಗೆಯ ಹಾಗೆ ಅಗಲವಾಗುತ್ತದೆ. 1/15ಕ್ಕೆ ಬಂದಾಗ ಒಂದು ರೆಕ್ಕೆ ಇನ್ನೊಂದರ ಜಾಗ ಮುಟ್ಟಿ, ಮೂರೂ ಕಲೆತು ತಟ್ಟೆಯಾಗುತ್ತವೆ.

ಲೆನ್ಸ್ ಬಗ್ಗೆ. ದೊಡ್ಡ ಜೂಮ್ ಬೇಡ. ಸಂಜೆ, ರಾತ್ರಿ, ಹಾಲ್ ಒಳಗೆ ತೆಗೆಯುವುದೇ ಹೆಚ್ಚಾದರೆ 50 ಎಂಎಂ ಎಫ್ 1.8 ತೆಗೆದುಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ನಿಮ್ಮ 18-55 ಕಿಟ್ ಲೆನ್ಸ್ ಆ ಅಳತೆಯಲ್ಲಿ ಎಫ್ 5.6ರ ಸುತ್ತ ಇರುತ್ತದೆ. ಅದಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನು ಇದು ಒಳಗೆ ಬಿಡುತ್ತದೆ, 1/40 ಇದ್ದಲ್ಲಿ ಐಎಸ್‌ಒ ಮುಟ್ಟದೆ 1/320ರ ಮೇಲೆ ಹೋಗಬಹುದು. ಜೂಮ್ ಇಲ್ಲ, ಕಾಲೇ ಜೂಮ್. ಅಷ್ಟು ಅಗಲ ತೆರೆದಾಗ ಫೋಕಸ್ ಕೂದಲೆಳೆಯಷ್ಟಿರುತ್ತದೆ, ಮೊದಲ ತಿಂಗಳು ಬೈದುಕೊಳ್ಳುತ್ತೀರಿ.

ಮುಂದಿನ ಜಾತ್ರೆಗೆ ಮೊದಲು ಕಾರಹುಣ್ಣಿಮೆ ಬರುತ್ತದೆ. ಯಾವುದಾದರೂ ಹಳ್ಳಿಗೆ ಕರಿ ಹರಿಯುವುದನ್ನು ನೋಡಲು ಹೋಗಿ. ಓಡುವ ಎತ್ತು ಸೆಕೆಂಡಿಗೆ ಏಳು ಮೀಟರ್ ಹೋದರೂ 1/1000ರಲ್ಲಿ ಏಳು ಮಿಲಿಮೀಟರ್ ಅಷ್ಟೇ, ಕೊಂಬಿನ ಬಣ್ಣದ ಅಂಚೂ ನಿಲ್ಲುತ್ತದೆ. ಹತ್ತಾರು ಹಾಗೆ ತೆಗೆದ ಮೇಲೆ 1/40ಕ್ಕೆ ಇಳಿಸಿ, ಎತ್ತಿನ ಕಣ್ಣಿಗೆ ಕ್ಯಾಮೆರಾ ಕಟ್ಟಿದಂತೆ ಅದರ ಜೊತೆಗೇ ತಿರುಗಿಸುತ್ತಾ ಒತ್ತಿ, ಒತ್ತಿದ ಮೇಲೂ ತಿರುಗಿಸುವುದನ್ನು ನಿಲ್ಲಿಸಬೇಡಿ. ಐವತ್ತರಲ್ಲಿ ಮೂರು ಸಿಕ್ಕಾವು: ಮುಖ ಸ್ಪಷ್ಟ, ಕಾಲು ಗಾಳಿ, ಹಿಂದಿನ ಜನ ಬಣ್ಣದ ಪಟ್ಟಿ. ಎತ್ತು ಓಡಿಬರುವ ಅಗಸಿಯ (ಊರಬಾಗಿಲಿನ) ಎದುರು ನೇರ ನಿಲ್ಲಬೇಡಿ, ಮೈಮೇಲೆ ಬಂದೀತು. ಎದುರಿಗೆ ಬರುವ ವಸ್ತು ಚಿತ್ರದಲ್ಲಿ ಕಡಿಮೆ ಜರುಗುತ್ತದೆ ಎಂದು ನಾನು ಹೇಳಿದ್ದು ತೇರಿನ ಮಾತು, ಎತ್ತಿನದಲ್ಲ. ಪಕ್ಕದ ಕಟ್ಟೆ ಹತ್ತಿ.